ಬಾಲಚಕ್ರ ವಿಮಾನಗಳ ಲ್ಯಾಂಡಿಂಗ್ ಅಪಘಾತಗಳು

ಎರಡು ಮುಖ್ಯ ಚಕ್ರಗಳನ್ನು ಮುಂಭಾಗದಲ್ಲಿಯೂ ಒಂದು ಚಿಕ್ಕ ಚಕ್ರವನ್ನು ಬಾಲದ ಕೆಳಗೂ ಹೊಂದಿರುವ ಸಣ್ಣ ವಿಮಾನಗಳು ನೆಲಕ್ಕಿಳಿಯುವಾಗ ಅಥವಾ ಇಳಿದು ಓಡುತ್ತಿರುವಾಗ ಹತೋಟಿ ತಪ್ಪುವುದರಿಂದ ಉಂಟಾಗುವ ಅವಘಡಗಳನ್ನು ಬಾಲಚಕ್ರ ವಿಮಾನಗಳ ಲ್ಯಾಂಡಿಂಗ್ ಅಪಘಾತಗಳು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ‘ಗ್ರೌಂಡ್ ಲೂಪ್’. ನೆಲದ ಮೇಲೆ ಓಡುತ್ತಿರುವ ವಿಮಾನವು ಪೈಲಟ್‌ನ ಇಚ್ಛೆಗೆ ವಿರುದ್ಧವಾಗಿ ಥಟ್ಟನೆ ಸುತ್ತು ತಿರುಗಿ, ಬಾಲವು ಮುಂದಕ್ಕೆ ಬರುವ ಸ್ಥಿತಿಗೆ ಈ ಹೆಸರಿದೆ. ನೆಲಕ್ಕೆ ತಾಗಿ ಮತ್ತೆ ಮೇಲೆ ಪುಟಿಯುವುದು, ಮೂಗಿನ ಮೇಲೆ ಮಗುಚುವುದು ಹಾಗೂ ರನ್‌ವೇಯಿಂದ ಪಕ್ಕಕ್ಕೆ ಜಾರುವುದು ಇತರ ಮುಖ್ಯ ವಿಧಗಳು. ಈ ಅಪಘಾತಗಳು ಬಹುಪಾಲು ಕಡಿಮೆ ವೇಗದಲ್ಲಿ ನಡೆಯುವುದರಿಂದ ಪ್ರಾಣಹಾನಿ ವಿರಳ. ಆದರೆ ವಿಮಾನಕ್ಕೆ ಆಗುವ ಹಾನಿ ಭಾರಿಯಾಗಿರುತ್ತದೆ. ಇವುಗಳ ಮೂಲ ಕಾರಣವು ಚಕ್ರಗಳ ಜೋಡಣೆಯಲ್ಲಿಯೇ ಇರುವ ಒಂದು ಸರಳ ಭೌತಿಕ ನಿಯಮವಾಗಿದೆ.

ಹೆಸರು ಮತ್ತು ರಚನೆ

ವಿಮಾನಗಳ ಚಕ್ರವ್ಯವಸ್ಥೆಯಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಮೊದಲನೆಯದು ಬಾಲಚಕ್ರ ವ್ಯವಸ್ಥೆ. ಇದರಲ್ಲಿ ಮುಖ್ಯ ಚಕ್ರಗಳು ವಿಮಾನದ ಗುರುತ್ವ ಕೇಂದ್ರಕ್ಕಿಂತ ಮುಂದೆ ಇರುತ್ತವೆ. ವಿಮಾನವು ನಿಂತಾಗ ಮೂಗು ಆಕಾಶದತ್ತ ಎತ್ತಿಕೊಂಡು, ಬಾಲವು ನೆಲಕ್ಕೆ ಸಮೀಪವಾಗಿರುತ್ತದೆ. ಎರಡನೆಯದು ಮೂಗುಚಕ್ರ ವ್ಯವಸ್ಥೆ. ಇದರಲ್ಲಿ ಮುಖ್ಯ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಸ್ವಲ್ಪ ಹಿಂದೆ ಇದ್ದು, ಮೂರನೆಯ ಚಕ್ರವು ಮೂಗಿನ ಕೆಳಗೆ ಇರುತ್ತದೆ.

ವಿಮಾನಯಾನದ ಮೊದಲ ದಶಕಗಳಲ್ಲಿ ಬಹುತೇಕ ಎಲ್ಲ ವಿಮಾನಗಳೂ ಬಾಲದ ಮೇಲೆ ಕೂರುವಂಥವೇ ಆಗಿದ್ದುದರಿಂದ ಬಾಲಚಕ್ರ ವ್ಯವಸ್ಥೆಯನ್ನು ‘ಕನ್ವೆನ್ಷನಲ್ ಗೇರ್’, ಅಂದರೆ ರೂಢಿಯ ಚಕ್ರವ್ಯವಸ್ಥೆ ಎಂದು ಕರೆಯುವ ವಾಡಿಕೆ ಬಂದಿತು. ಇಂದು ಆ ರೂಢಿ ಬದಲಾಗಿದ್ದರೂ ಹೆಸರು ಉಳಿದುಕೊಂಡಿದೆ. ಪೈಲಟ್‌ಗಳ ಆಡುಮಾತಿನಲ್ಲಿ ಇಂತಹ ವಿಮಾನಕ್ಕೆ ‘ಟೇಲ್‌ಡ್ರ್ಯಾಗರ್’ ಎಂಬ ಹೆಸರಿದೆ.

ಇತಿಹಾಸ

ಆರಂಭದ ಕಾಲದ ಸಣ್ಣ ವಿಮಾನಗಳಲ್ಲಿ ಬಾಲದ ಕೆಳಗೆ ಚಕ್ರದ ಬದಲು ಮರದ ಅಥವಾ ಲೋಹದ ಒಂದು ಊರುಗೋಲು ಇರುತ್ತಿತ್ತು. ಅದು ಹುಲ್ಲುನೆಲವನ್ನು ಕೆರೆಯುತ್ತಾ ಸಾಗಿ, ವಿಮಾನವನ್ನು ನೇರವಾಗಿಯೂ ಇರಿಸುತ್ತಿತ್ತು, ನಿಧಾನವಾಗಿಸುತ್ತಲೂ ಇತ್ತು. 1931ರ ಅಕ್ಟೋಬರ್ 26ರಂದು ಮೊದಲ ಬಾರಿ ಹಾರಿದ ಬ್ರಿಟನ್ನಿನ ತರಬೇತಿ ವಿಮಾನ ಡಿ ಹ್ಯಾವಿಲೆಂಡ್ ಟೈಗರ್ ಮಾತ್‌ನಲ್ಲಿ ಮೂಲತಃ ಚಕ್ರಗಳಿಗೆ ಬ್ರೇಕ್‌ಗಳೇ ಇರಲಿಲ್ಲ.

ಅಂದಿನ ವಿಮಾನ ನಿಲ್ದಾಣಗಳು ನಿಜಕ್ಕೂ ಬಯಲುಗಳಾಗಿದ್ದವು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಮುಖ ಮಾಡಿ ಇಳಿಯುವ ಸ್ವಾತಂತ್ರ್ಯ ಪೈಲಟ್‌ಗೆ ಇತ್ತು. ಆದುದರಿಂದ ಅಡ್ಡಗಾಳಿಯ ಸಮಸ್ಯೆ ಅಷ್ಟಾಗಿ ಬಾಧಿಸುತ್ತಿರಲಿಲ್ಲ. ವಿಮಾನಗಳ ಭಾರ ಹೆಚ್ಚಿದಂತೆ ಕಾಂಕ್ರೀಟ್ ಮತ್ತು ಡಾಂಬರಿನ ರನ್‌ವೇಗಳು ಬಂದವು. ರನ್‌ವೇಗೆ ಎರಡೇ ದಿಕ್ಕುಗಳಿರುತ್ತವೆ. ಗಾಳಿಗೆ ಆ ಕಟ್ಟುಪಾಡಿಲ್ಲ. ಊರುಗೋಲಿನ ಸ್ಥಾನಕ್ಕೆ ಚಕ್ರ ಬಂದಾಗ ನೆಲವನ್ನು ಕೆರೆದು ಬಾಲವನ್ನು ಹಿಡಿದಿಡುತ್ತಿದ್ದ ಬಲವೂ ಇಲ್ಲವಾಯಿತು. ಗಟ್ಟಿನೆಲದ ಮೇಲೆ ರಬ್ಬರ್ ಚಕ್ರಗಳ ಹಿಡಿತ ಬಿಗಿಯಾದುದರಿಂದ, ಹುಲ್ಲಿನ ಮೇಲೆ ಜಾರಿ ಮನ್ನಿಸಲ್ಪಡುತ್ತಿದ್ದ ಸಣ್ಣ ತಪ್ಪುಗಳು ರನ್‌ವೇಯಲ್ಲಿ ಅಪಘಾತಗಳಾಗತೊಡಗಿದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಟಿಯರ್ಮನ್, ಹಾರ್ವರ್ಡ್ ಮೊದಲಾದ ತರಬೇತಿ ವಿಮಾನಗಳು ಗ್ರೌಂಡ್ ಲೂಪ್‌ಗೆ ಹೆಸರಾಗಿದ್ದವು. ಜರ್ಮನಿಯ ಮೆಸ್ಸರ್ಶ್ಮಿಟ್ 109 ಯುದ್ಧವಿಮಾನದ ಮುಖ್ಯ ಚಕ್ರಗಳ ನಡುವಿನ ಅಂತರ ಕಡಿಮೆ ಇದ್ದುದರಿಂದ, ಹಾರುವಾಗ ಮತ್ತು ಇಳಿಯುವಾಗಲೇ ಅನೇಕ ವಿಮಾನಗಳು ಹಾನಿಗೊಂಡವು. ಇಳಿಯುವಾಗ ಮಾತ್ರವಲ್ಲದೆ ಏರುವ ಓಟದಲ್ಲಿಯೂ ಇದೇ ಅಪಾಯವಿದೆ ಎಂಬುದಕ್ಕೆ ಅಮೆಲಿಯಾ ಇಯರ್‌ಹಾರ್ಟ್ ಅವರ ಪ್ರಕರಣ ಪ್ರಸಿದ್ಧ ನಿದರ್ಶನವಾಗಿದೆ. 1937ರ ಮಾರ್ಚ್ 20ರಂದು ಹವಾಯಿಯ ಲ್ಯೂಕ್ ಫೀಲ್ಡ್‌ನಲ್ಲಿ ಅವರ ಎರಡು ಎಂಜಿನ್‌ಗಳ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನವು ಹಾರಲು ಓಡುತ್ತಿದ್ದಾಗ ಗ್ರೌಂಡ್ ಲೂಪ್‌ಗೆ ಸಿಲುಕಿ, ಚಕ್ರಗಳ ಕಾಲು ಮುರಿದು ಹೊಟ್ಟೆಯ ಮೇಲೆ ಜಾರಿತು. ವಿಮಾನವನ್ನು ದುರಸ್ತಿಗಾಗಿ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಬೇಕಾಯಿತು. ಅವರ ಪ್ರಪಂಚ ಪರ್ಯಟನೆಯ ಮೊದಲ ಪ್ರಯತ್ನ ಅಲ್ಲಿಗೇ ನಿಂತಿತು.

ಯುದ್ಧಾನಂತರ ಖಾಸಗಿ ಹಾರಾಟವು ಜನಸಾಮಾನ್ಯರತ್ತ ಸಾಗಿದಂತೆ ತಯಾರಕರು ಮೂಗುಚಕ್ರದ ಕಡೆಗೆ ತಿರುಗಿದರು. ಪೈಪರ್ ಕಂಪನಿಯು ಬಾಲಚಕ್ರದ ಪೇಸರ್ ಅನ್ನು ಆಧರಿಸಿ ಟ್ರೈ-ಪೇಸರ್ ಅನ್ನು ಹೊರತಂದಿತು. ಸೆಸ್ನಾ ಕಂಪನಿಯು 1948ರಿಂದ ತಯಾರಿಸುತ್ತಿದ್ದ ಬಾಲಚಕ್ರದ ಸೆಸ್ನಾ 170ರಿಂದ ಮೂಗುಚಕ್ರದ ಸೆಸ್ನಾ 172 ಅನ್ನು ರೂಪಿಸಿ 1956ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಚಕ್ರವ್ಯವಸ್ಥೆಗೆ ಜಾಹೀರಾತುಗಳಲ್ಲಿ ‘ಲ್ಯಾಂಡ್-ಓ-ಮ್ಯಾಟಿಕ್’ ಎಂದು ಹೆಸರಿಡಲಾಗಿತ್ತು. ಇಳಿಯುವುದು ಸುಲಭ ಎಂಬ ಭರವಸೆಯೇ ಆ ವಿಮಾನದ ಆಕರ್ಷಣೆಯಾಗಿತ್ತು. ಸೆಸ್ನಾ 172 ಮುಂದೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಅಸ್ಥಿರತೆಯ ಭೌತಿಕ ಕಾರಣ

ಟ್ರಾಕ್ಟರಿಗೆ ಕಟ್ಟಿದ ಟ್ರೇಲರನ್ನು ಮುಂದಕ್ಕೆ ಎಳೆಯುವಾಗ ಅದು ತಾನಾಗಿಯೇ ನೇರವಾಗಿ ಹಿಂಬಾಲಿಸುತ್ತದೆ. ಅದೇ ಟ್ರೇಲರನ್ನು ಹಿಮ್ಮುಖವಾಗಿ ತಳ್ಳುವಾಗ ಸ್ವಲ್ಪ ಓರೆಯಾದರೂ ಆ ಓರೆ ಕ್ಷಣಕ್ಷಣಕ್ಕೂ ಹೆಚ್ಚುತ್ತಾ ಹೋಗಿ, ಕೊನೆಗೆ ಟ್ರೇಲರ್ ಅಡ್ಡಲಾಗಿ ನಿಲ್ಲುತ್ತದೆ. ಬಾಲಚಕ್ರ ವಿಮಾನದ ಓಟವು ಈ ಎರಡನೆಯ ಸ್ಥಿತಿಯನ್ನು ಹೋಲುತ್ತದೆ.

ವಿಮಾನದ ಭಾರವೆಲ್ಲವೂ ಗುರುತ್ವ ಕೇಂದ್ರದಲ್ಲಿ ನೆಲೆಗೊಂಡಿದೆ ಎಂದು ಭಾವಿಸಬಹುದು. ಓಡುತ್ತಿರುವ ವಿಮಾನದ ಮೂಗು ಬಲಕ್ಕೆ ಸ್ವಲ್ಪ ತಿರುಗಿತೆಂದು ಇಟ್ಟುಕೊಂಡರೆ, ಜಡತ್ವದ ಕಾರಣದಿಂದ ಗುರುತ್ವ ಕೇಂದ್ರವು ಹಳೆಯ ದಿಕ್ಕಿನಲ್ಲಿಯೇ ಮುಂದುವರಿಯಲು ಯತ್ನಿಸುತ್ತದೆ. ಮುಂದಿರುವ ಚಕ್ರಗಳನ್ನು ನೆಲದ ಘರ್ಷಣೆಯು ಬಲಕ್ಕೆ ಎಳೆಯುತ್ತದೆ. ಹಿಂದಿರುವ ಭಾರವು ಮುಂದಿರುವ ಚಕ್ರಗಳನ್ನು ದಾಟಿ ಹೋಗಲು ನೂಕುತ್ತದೆ. ಈ ಎರಡೂ ಸೇರಿ ಮೂಗನ್ನು ಇನ್ನಷ್ಟು ಬಲಕ್ಕೆ ತಿರುಗಿಸುತ್ತವೆ. ತಿರುವು ಹೆಚ್ಚಿದಷ್ಟೂ ತಿರುಗಿಸುವ ಬಲವೂ ಹೆಚ್ಚುತ್ತದೆ. ಮೂಗುಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರವು ಮುಖ್ಯ ಚಕ್ರಗಳಿಗಿಂತ ಮುಂದಿರುವುದರಿಂದ ಇದೇ ಘರ್ಷಣೆಯು ವಿಮಾನವನ್ನು ಮತ್ತೆ ನೇರಗೊಳಿಸುತ್ತದೆ.

ಇಲ್ಲಿ ವೇಗದ ಪಾತ್ರ ದೊಡ್ಡದು. ಒಂದೇ ಅಳತೆಯ ತಿರುವಿನಲ್ಲಿ ಹೊರಕ್ಕೆ ನೂಕುವ ಕೇಂದ್ರಾಪಗಾಮಿ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 80 ಕಿ.ಮೀ. ವೇಗಕ್ಕೆ ಬದಲಾಗಿ 100 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ ವೇಗ ಕಾಲು ಪಾಲು ಮಾತ್ರ ಹೆಚ್ಚಾಗಿರುತ್ತದೆ. ಆದರೆ ಆ ಬಲವು ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಓಟದ ಕೊನೆಯ ಭಾಗದಲ್ಲಿ ಇನ್ನೊಂದು ತೊಡಕಿದೆ. ವಿಮಾನದ ದಿಕ್ಕನ್ನು ನಿಯಂತ್ರಿಸುವ ರಡ್ಡರ್ ತನ್ನ ಮೇಲೆ ಹರಿಯುವ ಗಾಳಿಯಿಂದಲೇ ಶಕ್ತಿ ಪಡೆಯುತ್ತದೆ. ವೇಗ ಇಳಿದಂತೆ ರಡ್ಡರ್ ದುರ್ಬಲವಾಗುತ್ತದೆ. ಬಾಲವು ಕೆಳಗಿದ್ದಾಗ ವಿಮಾನದ ಒಡಲೇ ಗಾಳಿಗೆ ಅಡ್ಡವಾಗಿ ನಿಲ್ಲುವುದರಿಂದ ಅದರ ಶಕ್ತಿ ಮತ್ತಷ್ಟು ಕುಗ್ಗುತ್ತದೆ. ಆ ಹಂತದಲ್ಲಿ ಬಾಲಚಕ್ರದ ಹಿಡಿತ ಮತ್ತು ಬ್ರೇಕ್‌ಗಳನ್ನೇ ನೆಚ್ಚಬೇಕಾಗುತ್ತದೆ. ರಡ್ಡರ್ ಸೋತು, ಬಾಲಚಕ್ರವು ಇನ್ನೂ ನೆಲವನ್ನು ಭದ್ರವಾಗಿ ಹಿಡಿಯದ ನಡುವಣ ಕೆಲವು ಕ್ಷಣಗಳೇ ಹೆಚ್ಚು ಅಪಾಯಕಾರಿ.

ಅಪಘಾತಗಳ ವಿಧಗಳು

ಗ್ರೌಂಡ್ ಲೂಪ್: ಮೇಲೆ ವಿವರಿಸಿದ ತಿರುವು ಕೈಮೀರಿದಾಗ ವಿಮಾನವು ತಿರುವಿನ ಹೊರಬದಿಗೆ ವಾಲುತ್ತದೆ. ಹೊರಬದಿಯ ಚಕ್ರದ ಮೇಲೆ ಅದರ ಭಾರವೆಲ್ಲ ಬೀಳುತ್ತದೆ. ಒಳಬದಿಯ ಚಕ್ರ ನೆಲ ಬಿಡುತ್ತದೆ ಮತ್ತು ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ವೇಗ ಹೆಚ್ಚಿದ್ದರೆ ಚಕ್ರದ ಕಾಲು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ. ವೇಗ ತೀರ ಕಡಿಮೆ ಇದ್ದಾಗ ವಿಮಾನವು ಯಾವ ಹಾನಿಯೂ ಇಲ್ಲದೆ ಒಂದು ಸುತ್ತು ತಿರುಗಿ ನಿಲ್ಲುವುದೂ ಉಂಟು.

ಪುಟಿತ: ಬಾಲವನ್ನು ಎತ್ತಿಹಿಡಿದು ವಿಮಾನವನ್ನು ರಭಸದಿಂದ ಇಳಿಸಿದಾಗ ಮುಖ್ಯ ಚಕ್ರಗಳು ಮೊದಲು ನೆಲಕ್ಕೆ ತಾಗಿ ನಿಲ್ಲುತ್ತವೆ, ಅವುಗಳ ಹಿಂದಿರುವ ಭಾರವು ಕೆಳಮುಖವಾಗಿ ಸಾಗುತ್ತಲೇ ಇರುತ್ತದೆ. ಇದರಿಂದ ಬಾಲ ಕೆಳಗಿಳಿದು ಮೂಗು ಮೇಲೇಳುತ್ತದೆ. ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನ ಹೆಚ್ಚಿ, ವಿಮಾನವು ಮತ್ತೆ ಗಾಳಿಗೇರುತ್ತದೆ. ಆದರೆ ಹಾರಲು ಬೇಕಾದ ವೇಗ ಅದಕ್ಕೆ ಉಳಿದಿರುವುದಿಲ್ಲ. ಗಾಬರಿಗೊಂಡ ಪೈಲಟ್ ನಿಯಂತ್ರಣ ದಂಡವನ್ನು ಮುಂದಕ್ಕೆ ನೂಕಿದರೆ ಎರಡನೆಯ ಬಡಿತವು ಮೊದಲಿನದಕ್ಕಿಂತ ಜೋರಾಗಿರುತ್ತದೆ. ಹಿಂದಕ್ಕೆ ಎಳೆದರೆ ವಿಮಾನವು ಎತ್ತರದಲ್ಲಿಯೇ ವೇಗ ಕಳೆದುಕೊಂಡು ಕುಸಿಯುತ್ತದೆ. ಒಂದರ ಹಿಂದೆ ಒಂದರಂತೆ ಬೆಳೆಯುವ ಇಂತಹ ಪುಟಿತಗಳು ಚಕ್ರಗಳ ಕಾಲನ್ನೇ ಮುರಿಯಬಲ್ಲವು.

ಮಗುಚುವಿಕೆ: ಭಾರವು ಮುಖ್ಯ ಚಕ್ರಗಳ ಹಿಂದೆ, ಆದರೆ ಅವುಗಳಿಗೆ ಸಮೀಪದಲ್ಲಿಯೇ ಇರುವುದರಿಂದ ಬ್ರೇಕನ್ನು ಬಲವಾಗಿ ಒತ್ತಿದರೆ ಬಾಲ ಮೇಲೆದ್ದು ಪ್ರೊಪೆಲರ್ ನೆಲಕ್ಕೆ ತಾಗುತ್ತದೆ. ಕೆಸರು, ಎತ್ತರದ ಹುಲ್ಲು ಅಥವಾ ಗುಂಡಿಗೆ ಚಕ್ರ ಸಿಲುಕಿದಾಗ ವಿಮಾನವು ಸಂಪೂರ್ಣವಾಗಿ ಅಂಗಾತ ಬೀಳುವ ಸಂಭವವೂ ಇದೆ. ಒಳಗಿದ್ದವರು ಬೆಲ್ಟಿಗೆ ತಲೆಕೆಳಗಾಗಿ ನೇತಾಡುವ ಈ ಸ್ಥಿತಿಯಲ್ಲಿ ಕುತ್ತಿಗೆಯ ಪೆಟ್ಟು ಮತ್ತು ಸೋರುವ ಇಂಧನ ಮುಖ್ಯ ಅಪಾಯಗಳಾಗಿವೆ. ಭುಜದ ಬೆಲ್ಟನ್ನು ಸದಾ ಬಿಗಿದಿರಬೇಕು ಎಂಬ ನಿಯಮಕ್ಕೆ ಇದೂ ಒಂದು ಕಾರಣ.

ನೆಲದ ಮೇಲಿನ ಡಿಕ್ಕಿ: ಮೂಗು ಎತ್ತಿಕೊಂಡಿರುವುದರಿಂದ ಪೈಲಟ್‌ಗೆ ನೇರ ಮುಂದಿನ ದಾರಿ ಕಾಣುವುದಿಲ್ಲ. ನಿಧಾನವಾಗಿ ಸಾಗುವಾಗ ಹಾವಿನಂತೆ ಎಡಬಲಕ್ಕೆ ಹೊರಳುತ್ತಾ ಮುಂದೆ ನೋಡಿಕೊಳ್ಳುವುದು ರೂಢಿ. ಈ ಎಚ್ಚರಿಕೆ ತಪ್ಪಿದಾಗ ನಿಂತ ವಿಮಾನಗಳಿಗೂ ವಾಹನಗಳಿಗೂ ಡಿಕ್ಕಿಯಾಗುತ್ತದೆ.

ಅಡ್ಡಗಾಳಿಯ ಪರಿಣಾಮ

ರನ್‌ವೇಗೆ ಅಡ್ಡಲಾಗಿ ಬೀಸುವ ಗಾಳಿಯು ಗ್ರೌಂಡ್ ಲೂಪ್‌ಗೆ ಸಾಮಾನ್ಯ ಪ್ರೇರಕ. ಚಕ್ರಗಳ ಮೇಲೆ ನಿಂತ ವಿಮಾನದ ಪಕ್ಕದ ಮೇಲ್ಮೈಯಲ್ಲಿ ಹೆಚ್ಚಿನ ಭಾಗವು ಮುಖ್ಯ ಚಕ್ರಗಳ ಹಿಂದೆಯೇ ಇರುತ್ತದೆ. ಆದುದರಿಂದ ಮಾಳಿಗೆಯ ಮೇಲಿನ ಗಾಳಿಸೂಚಕವು ತಿರುಗುವಂತೆ ವಿಮಾನವೂ ತನ್ನ ಮೂಗನ್ನು ಗಾಳಿಯತ್ತ ತಿರುಗಿಸಲು ಯತ್ನಿಸುತ್ತದೆ.

ಗಾಳಿಯ ಒಟ್ಟು ವೇಗಕ್ಕಿಂತ ಅದರ ಅಡ್ಡಭಾಗವೇ ಇಲ್ಲಿ ಮುಖ್ಯವಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದ ಗಾಳಿಯು ರನ್‌ವೇಗೆ 30 ಡಿಗ್ರಿ ಕೋನದಲ್ಲಿ ಬೀಸಿದರೆ ಅಡ್ಡಭಾಗ 10 ಕಿ.ಮೀ. ಮಾತ್ರ, 90 ಡಿಗ್ರಿಯಲ್ಲಿ ಬೀಸಿದರೆ ಪೂರ್ತಿ 20 ಕಿ.ಮೀ. ಅಡ್ಡಗಾಳಿಯಲ್ಲಿ ಇಳಿಯುವಾಗ ಪೈಲಟ್ ಗಾಳಿ ಬರುವ ಕಡೆಯ ರೆಕ್ಕೆಯನ್ನು ಏಲೆರಾನ್‌ಗಳ ಸಹಾಯದಿಂದ ಸ್ವಲ್ಪ ತಗ್ಗಿಸಿ, ವಿರುದ್ಧ ದಿಕ್ಕಿನ ರಡ್ಡರ್ ಒತ್ತಿ ಮೂಗನ್ನು ರನ್‌ವೇಗೆ ನೇರವಾಗಿ ಇರಿಸುತ್ತಾನೆ. ಗಾಳಿಯ ಕಡೆಯ ಚಕ್ರ ಮೊದಲು ನೆಲಕ್ಕೆ ತಾಗುತ್ತದೆ. ವಿಮಾನವು ಓರೆಯಾಗಿ ಅಥವಾ ಪಕ್ಕಕ್ಕೆ ಜಾರುತ್ತಾ ನೆಲ ಮುಟ್ಟಿದರೆ, ತಾಗಿದ ಕ್ಷಣದಲ್ಲಿಯೇ ಗ್ರೌಂಡ್ ಲೂಪ್‌ನ ಬೀಜ ಬಿದ್ದಂತೆ. ನೆಲ ಮುಟ್ಟಿದ ಬಳಿಕ ವೇಗ ಇಳಿದಂತೆ ಏಲೆರಾನ್‌ಗಳನ್ನು ಗಾಳಿಯ ಕಡೆಗೆ ಹೆಚ್ಚುಹೆಚ್ಚಾಗಿ ತಿರುಗಿಸಬೇಕಾಗುತ್ತದೆ. ಚಕ್ರ ತಾಗಿತೆಂದು ಸಮಾಧಾನಗೊಂಡು ನಿಯಂತ್ರಣಗಳನ್ನು ಸಡಿಲಿಸುವುದು ಹೊಸಬರ ಸಾಮಾನ್ಯ ತಪ್ಪಾಗಿದೆ.

ಇಳಿಯುವ ಎರಡು ವಿಧಾನಗಳು

ಮೂರು ಬಿಂದುಗಳ ಇಳಿತದಲ್ಲಿ ವಿಮಾನವನ್ನು ನೆಲಕ್ಕೆ ಸಮೀಪವಾಗಿ ಹಿಡಿದು, ವೇಗ ಕಳೆಯುತ್ತಾ, ಅದು ಹಾರುವ ಶಕ್ತಿ ಕಳೆದುಕೊಳ್ಳುವ ಹೊತ್ತಿಗೆ ಮೂರೂ ಚಕ್ರಗಳು ಏಕಕಾಲಕ್ಕೆ ತಾಗುವಂತೆ ಮಾಡಲಾಗುತ್ತದೆ. ನೆಲ ಮುಟ್ಟುವ ವೇಗ ಅತ್ಯಂತ ಕಡಿಮೆ ಇರುವುದು ಇದರ ಲಾಭ. ಬಾಲಚಕ್ರವು ಆರಂಭದಿಂದಲೇ ನೆಲವನ್ನು ಹಿಡಿದಿರುತ್ತದೆ. ಚಿಕ್ಕ ಮತ್ತು ಒರಟಾದ ಬಯಲುಗಳಿಗೆ ಇದು ಸೂಕ್ತವೆನಿಸಿದೆ.

ಚಕ್ರ ಇಳಿತದಲ್ಲಿ ವಿಮಾನವನ್ನು ಸ್ವಲ್ಪ ಹೆಚ್ಚು ವೇಗದಲ್ಲಿ, ಬಾಲ ಎತ್ತಿದ ಸ್ಥಿತಿಯಲ್ಲಿ, ಮುಖ್ಯ ಚಕ್ರಗಳ ಮೇಲೆ ಮೃದುವಾಗಿ ಇಳಿಸಿ, ತಾಗಿದೊಡನೆ ನಿಯಂತ್ರಣ ದಂಡವನ್ನು ತುಸು ಮುಂದಕ್ಕೆ ಒತ್ತಲಾಗುತ್ತದೆ. ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ, ರಡ್ಡರ್‌ಗೆ ಶಕ್ತಿಯೂ ಇರುತ್ತದೆ. ಆದರೆ ವೇಗ ಹೆಚ್ಚಿರುವುದರಿಂದ ಪುಟಿಯುವ ಸಂಭವ ಅಧಿಕ. ಬಾಲವು ಕೆಳಗಿಳಿಯುವ ಘಟ್ಟವನ್ನು ಓಟದ ನಡುವೆ ದಾಟಬೇಕಾಗುತ್ತದೆ. ಯಾವುದು ಮೇಲು ಎಂಬ ಬಗ್ಗೆ ಪೈಲಟ್‌ಗಳಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. ವಿಮಾನದ ಮಾದರಿ, ಗಾಳಿ ಮತ್ತು ನೆಲವನ್ನು ನೋಡಿ ಆರಿಸಬೇಕಾದುದರಿಂದ ಎರಡರಲ್ಲಿಯೂ ಪಳಗಿರಬೇಕಾಗುತ್ತದೆ. ಎರಡೂ ವಿಧಾನಗಳಲ್ಲಿ ಬಾಲ ಕೆಳಗಿಳಿದ ಮೇಲೆ ದಂಡವನ್ನು ಪೂರ್ತಿ ಹಿಂದಕ್ಕೆ ಹಿಡಿದು ಬಾಲಚಕ್ರವನ್ನು ನೆಲಕ್ಕೆ ಒತ್ತಿಡುವುದು ಅಗತ್ಯ.

ತಡೆಗಟ್ಟುವಿಕೆ

ತಿರುವು ಹುಟ್ಟುವ ಕ್ಷಣದಲ್ಲಿಯೇ ಅದನ್ನು ಅಳಿಸುವುದು ಮುಖ್ಯ ಉಪಾಯ. ಪೈಲಟ್ ತನ್ನ ದೃಷ್ಟಿಯನ್ನು ರನ್‌ವೇಯ ದೂರದ ತುದಿಯಲ್ಲಿಟ್ಟು, ಎರಡೂ ಪಾದಗಳಿಂದ ರಡ್ಡರ್ ಪೆಡಲ್‌ಗಳನ್ನು ಚಿಕ್ಕದಾಗಿಯೂ ಚುರುಕಾಗಿಯೂ ಒತ್ತುತ್ತಾ ಇರಬೇಕು. ಒತ್ತಿದ ಪೆಡಲನ್ನು ಹಾಗೆಯೇ ಹಿಡಿದಿಟ್ಟರೆ ವಿಮಾನವು ಎದುರು ದಿಕ್ಕಿಗೆ ಇನ್ನೂ ಜೋರಾಗಿ ಹೊರಳುತ್ತದೆ. ರಡ್ಡರ್ ಸಾಲದಾದಾಗ ವಿರುದ್ಧ ಬದಿಯ ಬ್ರೇಕನ್ನು ಹದವಾಗಿ ಬಳಸಬಹುದು, ಅಥವಾ ಎಂಜಿನ್ ಶಕ್ತಿಯನ್ನು ಕ್ಷಣಕಾಲ ಹೆಚ್ಚಿಸಿ ರಡ್ಡರ್ ಮೇಲೆ ಗಾಳಿ ಹಾಯಿಸಬಹುದು.

ಕೆಟ್ಟ ಪುಟಿತ ಅಥವಾ ಓರೆಯಾದ ಇಳಿತವನ್ನು ಸರಿಪಡಿಸಲು ಹೆಣಗುವುದಕ್ಕಿಂತ, ರನ್‌ವೇ ಉಳಿದಿರುವಾಗಲೇ ಎಂಜಿನ್ ಶಕ್ತಿ ಹೆಚ್ಚಿಸಿ ಮತ್ತೆ ಮೇಲೇರಿ, ಇನ್ನೊಂದು ಸುತ್ತು ಬರುವುದು ಹೆಚ್ಚು ಸುರಕ್ಷಿತ. ಆದರೆ ಶಕ್ತಿ ಥಟ್ಟನೆ ಏರಿದಾಗ ಹೆಚ್ಚಿನ ಸಣ್ಣ ವಿಮಾನಗಳ ಮೂಗು ಎಡಕ್ಕೆ ಎಳೆಯುವುದರಿಂದ ಬಲ ರಡ್ಡರ್ ಸಿದ್ಧವಿರಬೇಕು. ವಿಮಾನವು ಆಗಲೇ ಅಡ್ಡ ತಿರುಗಿದ್ದರೆ ಈ ಪ್ರಯತ್ನವೇ ಅಪಾಯಕರವಾಗುತ್ತದೆ.

ಯಂತ್ರದ ಸ್ಥಿತಿಯೂ ಗಣನೀಯ. ಸವೆದ ಬಾಲಚಕ್ರ, ಸಡಿಲಗೊಂಡ ಅದರ ಸ್ಪ್ರಿಂಗ್‌ಗಳು, ಒಂದು ಬದಿಗೆ ಮಾತ್ರ ಹಿಡಿಯುವ ಬ್ರೇಕ್, ಎರಡು ಟೈರ್‌ಗಳಲ್ಲಿ ಬೇರೆಬೇರೆ ಒತ್ತಡದ ಗಾಳಿ ಮುಂತಾದವು ನುರಿತ ಪೈಲಟ್‌ನನ್ನೂ ಸೋಲಿಸಬಲ್ಲವು.

ಹಾನಿ ಮತ್ತು ಲೆಕ್ಕಾಚಾರ

ನೋಟಕ್ಕೆ ಚಿಕ್ಕದೆನಿಸುವ ಗ್ರೌಂಡ್ ಲೂಪ್ ಕೂಡ ಒಳಗೆ ದೊಡ್ಡ ಹಾನಿ ಮಾಡಿರಬಹುದು. ತಿರುಗುತ್ತಿರುವ ಪ್ರೊಪೆಲರ್ ನೆಲಕ್ಕೆ ಬಡಿದರೆ ಆ ಆಘಾತವು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ವರೆಗೂ ಮುಟ್ಟುವುದರಿಂದ ಎಂಜಿನ್ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ರೆಕ್ಕೆಯ ತುದಿ ಉಜ್ಜಿದಾಗ ಒಳಗಿನ ತೊಲೆಯಲ್ಲಿ ಬಿರುಕು ಬಿಟ್ಟಿರಬಹುದು. ಪರೀಕ್ಷಿಸದೆ ಮತ್ತೆ ಹಾರಿದರೆ ಅದು ಆಕಾಶದಲ್ಲಿ ಪ್ರಾಣಾಂತಿಕವಾದೀತು.

ಈ ಘಟನೆಗಳೆಲ್ಲವೂ ಅಪಘಾತದ ಅಂಕಿಅಂಶಗಳಲ್ಲಿ ಸೇರುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧದ ವ್ಯಾಖ್ಯೆಯಂತೆ ಸಾವು, ತೀವ್ರ ಗಾಯ ಅಥವಾ ವಿಮಾನದ ರಚನೆಗೆ ಗಣನೀಯ ಹಾನಿ ಆದಾಗ ಮಾತ್ರ ಅದು ‘ಅಪಘಾತ’. ಹಾನಿಯು ಪ್ರೊಪೆಲರ್, ರೆಕ್ಕೆಯ ತುದಿ, ಟೈರ್, ಬ್ರೇಕ್, ಚಕ್ರ ಇಂತಹ ಭಾಗಗಳಿಗೆ ಸೀಮಿತವಾಗಿದ್ದರೆ ಅದು ಈ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. ಗ್ರೌಂಡ್ ಲೂಪ್‌ನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಇವೇ ಭಾಗಗಳು. ಆದುದರಿಂದ ಅಧಿಕೃತ ಪಟ್ಟಿಗಳಲ್ಲಿ ಕಾಣುವ ಸಂಖ್ಯೆಯು ವಾಸ್ತವಕ್ಕಿಂತ ಕಡಿಮೆ ಎಂದು ತಿಳಿಯಬೇಕಾಗುತ್ತದೆ.

ತರಬೇತಿ ಮತ್ತು ನಿಯಮಗಳು

ಅಮೆರಿಕದಲ್ಲಿ ಬಾಲಚಕ್ರ ವಿಮಾನದ ಮುಖ್ಯ ಪೈಲಟ್ ಆಗಿ ಹಾರಲು, ಪೈಲಟ್ ಪರವಾನಗಿಯ ಜೊತೆಗೆ ಬೋಧಕರಿಂದ ಪ್ರತ್ಯೇಕ ದೃಢೀಕರಣ ಪಡೆಯಬೇಕು. ಸಾಮಾನ್ಯ ಮತ್ತು ಅಡ್ಡಗಾಳಿಯ ಏರಿಳಿತಗಳು, ಚಕ್ರ ಇಳಿತ ಹಾಗೂ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ ಕ್ರಮ ಇದರ ಪಠ್ಯದಲ್ಲಿ ಸೇರಿವೆ. ತಯಾರಕರು ಬೇಡವೆಂದಿರುವ ಮಾದರಿಗಳಲ್ಲಿ ಚಕ್ರ ಇಳಿತಕ್ಕೆ ವಿನಾಯಿತಿ ಇದೆ. 1991ರ ಏಪ್ರಿಲ್ 15ಕ್ಕಿಂತ ಮೊದಲೇ ಇಂತಹ ವಿಮಾನಗಳನ್ನು ಮುಖ್ಯ ಪೈಲಟ್ ಆಗಿ ನಡೆಸಿದ್ದವರಿಗೆ ಈ ದೃಢೀಕರಣ ಬೇಕಿಲ್ಲ. ಪ್ರಯಾಣಿಕರನ್ನು ಒಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಬಾಲಚಕ್ರ ವಿಮಾನದಲ್ಲಿಯೇ ಮೂರು ಬಾರಿ ಏರಿ, ಪೂರ್ತಿ ನಿಲ್ಲುವವರೆಗೆ ಇಳಿದಿರಬೇಕು. ಪೂರ್ತಿ ನಿಲ್ಲಬೇಕೆಂಬ ಷರತ್ತು ಅರ್ಥಪೂರ್ಣವಾಗಿದೆ; ಏಕೆಂದರೆ ಅಪಾಯ ಅಡಗಿರುವುದು ಓಟದ ಕೊನೆಯ ಭಾಗದಲ್ಲಿ. ಯುರೋಪಿನಲ್ಲಿಯೂ ಬಾಲಚಕ್ರಕ್ಕೆ ಪ್ರತ್ಯೇಕ ವ್ಯತ್ಯಾಸ ತರಬೇತಿ ಕಡ್ಡಾಯವಾಗಿದೆ.

ಗ್ರೌಂಡ್ ಲೂಪ್ ಮಾಡಿದವರು ಮತ್ತು ಇನ್ನು ಮುಂದೆ ಮಾಡಲಿರುವವರು ಎಂದು ಬಾಲಚಕ್ರದ ಪೈಲಟ್‌ಗಳಲ್ಲಿ ಎರಡೇ ಬಗೆ ಎಂಬ ಮಾತು ಹಾರಾಟ ವಲಯದಲ್ಲಿ ಪ್ರಚಲಿತವಾಗಿದೆ. ಎಚ್ಚರಿಕೆಯ ಮಾತಾಗಿ ಇದು ಸರಿಯಾದರೂ, ಇದನ್ನು ವಿಧಿಲಿಖಿತವೆಂದು ಭಾವಿಸುವುದು ತಪ್ಪು. ಇಂತಹ ಅಪಘಾತಗಳಲ್ಲಿ ಹೆಚ್ಚಿನವು ತರಬೇತಿ ಮತ್ತು ನಿರಂತರ ಅಭ್ಯಾಸದಿಂದ ತಡೆಯಬಹುದಾದಂಥವು.

ಭಾರತದಲ್ಲಿ

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತು ತಂದು ಮುಂಬಯಿಯ ಜುಹುವಿನಲ್ಲಿ ಇಳಿಸಿದ ಪುಸ್ ಮಾತ್ ವಿಮಾನವೂ ಬಾಲದ ಮೇಲೆ ಕೂರುವಂಥದೇ ಆಗಿತ್ತು. ಟೈಗರ್ ಮಾತ್ ವಿಮಾನಗಳು ವಾಯುಪಡೆಯಲ್ಲಿಯೂ ಫ್ಲೈಯಿಂಗ್ ಕ್ಲಬ್‌ಗಳಲ್ಲಿಯೂ ತರಬೇತಿಗೆ ಬಳಕೆಯಾದವು.

ಈ ಪರಂಪರೆಯಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನವು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಒಬ್ಬರ ಹಿಂದೆ ಒಬ್ಬರು ಕೂರುವ ಈ ವಿಮಾನಕ್ಕೆ ಬಾಲಚಕ್ರವಿತ್ತು. 1958ರಲ್ಲಿ ಹಾರಿದ ಪುಷ್ಪಕ್, 1959ರ ಕೃಷಕ್ ಹಾಗೂ ಬೆಳೆಗಳಿಗೆ ಔಷಧಿ ಸಿಂಪಡಿಸಲೆಂದು ರೂಪಿಸಿದ 1972ರ ಬಸಂತ್ ವಿಮಾನಗಳೂ ಇದೇ ವ್ಯವಸ್ಥೆಯವು. ಪುಷ್ಪಕ್‌ಗಳು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದವು. ಮುಂದೆ ವಾಯುಪಡೆಯಲ್ಲಿ ಎಚ್‌ಟಿ-2ರ ಸ್ಥಾನಕ್ಕೆ ಬಂದ ಎಚ್‌ಪಿಟಿ-32 ದೀಪಕ್ ಮೂಗುಚಕ್ರದ ವಿಮಾನವಾಗಿತ್ತು. ವಾಯುಪಡೆಯ ಪಾರಂಪರಿಕ ವಿಮಾನಗಳಾದ ಟೈಗರ್ ಮಾತ್, ಹಾರ್ವರ್ಡ್ ಮತ್ತು ಡಕೋಟಾಗಳನ್ನು ನಡೆಸಲು ಇಂದಿಗೂ ಈ ಹಳೆಯ ಕೌಶಲ ಬೇಕಾಗುತ್ತದೆ.

ಇಂದಿನ ಬಳಕೆ

ಇಷ್ಟು ತೊಡಕುಗಳಿದ್ದರೂ ಬಾಲಚಕ್ರ ವಿಮಾನಗಳು ಮರೆಯಾಗಿಲ್ಲ. ಮೂಗು ಎತ್ತರದಲ್ಲಿರುವುದರಿಂದ ಪ್ರೊಪೆಲರ್ ಕಲ್ಲು ಮತ್ತು ಹುಲ್ಲಿನಿಂದ ದೂರವಿರುತ್ತದೆ. ಬಾಲಚಕ್ರವು ಹಗುರ, ಹಾರುವಾಗ ಗಾಳಿಗೆ ಒಡ್ಡುವ ತಡೆಯೂ ಕಡಿಮೆ. ಮುರಿಯುವ ಭಯವಿರುವ ಮೂಗಿನ ಕಾಲು ಇಲ್ಲದಿರುವುದರಿಂದ ಒರಟು ನೆಲಕ್ಕೆ ಇವು ಹೊಂದುತ್ತವೆ. ಅಲಾಸ್ಕಾದ ನದೀತೀರದ ಮರಳದಿಬ್ಬಗಳಲ್ಲಿ ಇಳಿಯುವ ಪೈಪರ್ ಸೂಪರ್ ಕಬ್‌ಗಳು, ಕೃಷಿ ಕೆಲಸದ ಏರ್ ಟ್ರಾಕ್ಟರ್‌ಗಳು, ಕಸರತ್ತು ಪ್ರದರ್ಶನದ ಪಿಟ್ಸ್ ಮತ್ತು ಎಕ್ಸ್‌ಟ್ರಾ ವಿಮಾನಗಳು ಇದಕ್ಕೆ ಉದಾಹರಣೆಗಳು. 1938ರಿಂದ 1947ರವರೆಗೆ ಸುಮಾರು 20,000 ಸಂಖ್ಯೆಯಲ್ಲಿ ತಯಾರಾದ ಪೈಪರ್ ಜೆ-3 ಕಬ್‌ಗಳಲ್ಲಿ ಅನೇಕವು ಈಗಲೂ ಹಾರುತ್ತಿವೆ.

ಪಾದಗಳ ಚುರುಕು ಮತ್ತು ಕೊನೆಯವರೆಗಿನ ಗಮನವನ್ನು ಕಲಿಸುತ್ತದೆ ಎಂಬ ಕಾರಣಕ್ಕಾಗಿ, ಮೂಗುಚಕ್ರದ ವಿಮಾನಗಳನ್ನು ಮಾತ್ರ ನಡೆಸುವವರಿಗೂ ಬಾಲಚಕ್ರದ ತರಬೇತಿಯನ್ನು ಹಲವು ಬೋಧಕರು ಶಿಫಾರಸು ಮಾಡುತ್ತಾರೆ. ಚಕ್ರಗಳು ನೆಲ ಮುಟ್ಟಿದಾಗ ಹಾರಾಟ ಮುಗಿಯುವುದಿಲ್ಲ; ವಿಮಾನವು ನಿಂತು, ಎಂಜಿನ್ ಆರಿದಾಗಲೇ ಅದು ಮುಗಿಯುತ್ತದೆ ಎಂಬುದು ಈ ತರಬೇತಿಯ ಮೊದಲ ಪಾಠವಾಗಿದೆ.